ಸಿಂಧನೂರಿನಿಂದ ಸೀಮೆಯಾಚೆಗೆ: ಸೇವೆಗೆ ಹೊರಟ ವಿದ್ಯಾರ್ಥಿಗಳಿಗೆ ಹದಿಮೂರು ಸೂತ್ರಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಈಗ ವಿದೇಶದ ಮಾತಾಡುತ್ತಾರೆ. ಕೆಲವರ ಕಣ್ಣು ಓದಿನ ಮೇಲೆ, ಕೆಲವರದು ದುಡಿಮೆಯ ಮೇಲೆ. ಇನ್ನು ಕೆಲವರಿಗೆ ಬೇರೊಂದು ನಾಡಿನ ಜನರ ನಡುವೆ ಕೆಲವು ತಿಂಗಳು ಇದ್ದು, ಅವರಿಗೆ ನೆರವಾಗಿ, ಅವರಿಂದ ಕಲಿತು ಬರುವ ಆಸೆ. ಈ ಮೂರನೆಯ ಆಸೆ ಮನೆಯವರಿಗೆ ಬೇಗ ಅರ್ಥವಾಗುವುದಿಲ್ಲ. "ಪಗಾರ ಇಲ್ಲದ ಕೆಲಸಕ್ಕ ಅಷ್ಟು ದೂರ ಯಾಕ ಹೋಗ್ತಿ ತಮ್ಮಾ?" ಎಂದು ಅಪ್ಪ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಗಟ್ಟಿಯಾದ ಉತ್ತರ ಇಟ್ಟುಕೊಂಡು ಹೊರಟವರಿಗೆ ಹೊರನಾಡು ಬಹಳಷ್ಟು ಕೊಡುತ್ತದೆ. ಉತ್ತರವಿಲ್ಲದೆ ಹೊರಟವರು ಒಂದಷ್ಟು ಫೋಟೋಗಳೊಂದಿಗೆ ಮರಳುತ್ತಾರೆ.

ನಾನು ಬಲವಾಗಿ ನಂಬಿರುವುದು ಇದನ್ನು: ಬೇರೆ ಸಂಸ್ಕೃತಿಯಲ್ಲಿ ಬದುಕುವ ವಿದ್ಯೆಯ ಮೊದಲ ಪಾಠಗಳು ನಮ್ಮ ಈ ಮೂರು ತಾಲ್ಲೂಕುಗಳಲ್ಲೇ ಸಿಗುತ್ತವೆ. ಅವನ್ನು ಕಲಿತು ಹೋದವರು ಅಲ್ಲಿ ಒಳ್ಳೆಯ ಅತಿಥಿಗಳಾಗುತ್ತಾರೆ. ಒಳ್ಳೆಯ ಅತಿಥಿಯಾದವರು ಮಾತ್ರ ಒಳ್ಳೆಯ ಸ್ವಯಂಸೇವಕರಾಗಬಲ್ಲರು.

1. ಮೊದಲ ಪರದೇಶವನ್ನು ನಿಮ್ಮ ತಾಲ್ಲೂಕಿನಲ್ಲೇ ನೋಡಿ

ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಿಗೆ ಹೋಗಿ ಬನ್ನಿ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅರ್ಧ ಶತಮಾನದ ಹಿಂದೆ ಇಲ್ಲಿ ನೆಲೆ ಕೊಟ್ಟಿತು. ಹೊಳೆ, ಮೀನು, ಮಳೆಯ ನಾಡಿನ ಜನ ನಮ್ಮ ಎರೆಭೂಮಿಯ ಬಿಸಿಲಿಗೆ ಬಂದು ಬದುಕು ಕಟ್ಟಿದರು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ, ವರ್ಷಕ್ಕೊಮ್ಮೆ ದುರ್ಗಾಪೂಜೆ. ಇಷ್ಟು ವರ್ಷ ಇಲ್ಲಿ ಬಾಳಿದ ಮೇಲೂ ಕೆಲವರ ಕೈಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿದ್ದು 2024ರಲ್ಲಿ.

ಅಲ್ಲಿಂದ ಆಂಧ್ರದವರ ಕ್ಯಾಂಪ್‌ಗಳತ್ತ ನಡೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ತೆಲುಗು ರೈತರು ಭತ್ತದ ಬೇಸಾಯದ ಅನುಭವ ಹೊತ್ತು ಬಂದು ಊರುಗಳನ್ನೇ ಕಟ್ಟಿದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಸುತ್ತ ಹಲವು ಕಡೆಯ ಕಾರ್ಮಿಕರ ಬದುಕು ಬೆಳೆದಿದೆ. ಮುದಗಲ್‌ನ ಮೊಹರಂನಲ್ಲಿ ಹಿಂದೂ ಮುಸ್ಲಿಂ ಎನ್ನದೆ ಜನ ಹರಕೆ ಹೊತ್ತು ಸೇರುತ್ತಾರೆ. ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ದಖನಿ ಉರ್ದು ಕೇಳಿಸುತ್ತದೆ.

ಈ ಯಾವುದಾದರೂ ಒಂದು ಕಡೆಯ ಹಿರಿಯರ ಬಳಿ ಕುಳಿತು ಮೂರು ಪ್ರಶ್ನೆ ಕೇಳಿ. ಬಂದ ಹೊಸತರಲ್ಲಿ ಯಾವುದು ತುಂಬ ಕಷ್ಟವಾಯಿತು? ಮೊದಲು ಕೈಹಿಡಿದವರು ಯಾರು? ಇಂದಿಗೂ ನೆನಪಾಗುವುದು ಏನು? ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ. ನೀವು ವಿಮಾನ ಇಳಿದ ಮೇಲೆ ಇದೇ ಮೂರು ಪ್ರಶ್ನೆ ನಿಮ್ಮ ಮುಂದೆಯೂ ನಿಲ್ಲುತ್ತವೆ.

2. ಹೋಗುವ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಜಗತ್ತು ನೋಡಬೇಕು" ಎಂಬುದು ಪ್ರವಾಸಕ್ಕೆ ಸಾಕು, ಸೇವೆಗೆ ಸಾಲದು. ಯಾರ ಜೊತೆ, ಯಾವ ಕೆಲಸ, ಎಷ್ಟು ಕಾಲ, ಯಾವ ಕಲಿಕೆಗಾಗಿ ಎಂಬ ನಾಲ್ಕೂ ಆ ವಾಕ್ಯದಲ್ಲಿ ಇರಲಿ. ಕೃಷಿ ಓದುವವರು ಒಣಬೇಸಾಯದ ನೀರು ಉಳಿತಾಯ ಕಲಿಯಲು ಹೋಗಬಹುದು. ನರ್ಸಿಂಗ್ ಓದುವವರು ವೃದ್ಧರ ಆರೈಕೆ ಕಲಿಯಬಹುದು. ಬಿ.ಎಡ್. ಮಾಡುವವರು ಎರಡು ಭಾಷೆಯ ಮಕ್ಕಳಿಗೆ ಕಲಿಸುವ ಬಗೆ ನೋಡಬಹುದು. ವಾಕ್ಯ ಬರೆದ ಮೇಲೆ ಅದನ್ನು ಅಪ್ಪ ಅಮ್ಮನ ಮುಂದೆ ಓದಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದು ತಿಳಿಯಿರಿ.

3. ಇಲ್ಲಿ ಮಾಡದ ಸೇವೆಯನ್ನು ಅಲ್ಲಿ ಆರಂಭಿಸಬೇಡಿ

ಸೇವೆ ಒಂದು ಅಭ್ಯಾಸ. ಅದು ಬೆಳೆಯುವುದು ನಿತ್ಯ ಮಾಡುವುದರಿಂದ. ನಮ್ಮ ಕಾಲೇಜುಗಳಲ್ಲೇ ಅದಕ್ಕೆ ದಾರಿ ಇದೆ. ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ (ಎನ್ಎಸ್ಎಸ್) ಆರಂಭವಾಯಿತು. ಎನ್ಎಸ್ಎಸ್ ಸೇರಿದ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಏಳು ದಿನದ ವಿಶೇಷ ಶಿಬಿರದಲ್ಲಿ ಒಂದು ಹಳ್ಳಿಯಲ್ಲಿ ಉಳಿಯಬೇಕು.

ಆ ಏಳು ದಿನಗಳನ್ನು ಹಾಜರಿಗಾಗಿ ಕಳೆಯಬೇಡಿ. ಹಳ್ಳಿಯವರು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಯಾರ ಮಾತನ್ನು ಊರು ಕೇಳುತ್ತದೆ, ಯಾರ ಮಾತು ಕೇಳಿಸುವುದೇ ಇಲ್ಲ ಎಂಬುದನ್ನು ಗಮನಿಸಿ. ಕಸ ಗುಡಿಸಿದ ಜಾಗ ಮರುವಾರಕ್ಕೆ ಮತ್ತೆ ಹೇಗಾಗಿದೆ ಎಂದು ಹೋಗಿ ನೋಡಿ. ಮತ್ತೆ ಕೊಳೆಯಾಗಿದ್ದರೆ ಯಾಕಾಯಿತು ಎಂದು ಊರವರನ್ನೇ ಕೇಳಿ. ಒಳ್ಳೆಯ ಉದ್ದೇಶಕ್ಕೂ ಒಳ್ಳೆಯ ಫಲಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಆಗ ತಿಳಿಯುತ್ತದೆ. ಇದನ್ನು ಇಲ್ಲೇ ಕಲಿತವರು ಹೊರದೇಶದಲ್ಲಿ ಅವಸರಪಡುವುದಿಲ್ಲ.

4. ದಾರಿಯನ್ನು ತನಿಖೆ ಮಾಡಿ ಆರಿಸಿ

ನಂಬಿಕಸ್ತ ದಾರಿಗಳು ಕೆಲವಿವೆ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ಹುಟ್ಟಿತು, ಅದರ ಕೇಂದ್ರ ಜರ್ಮನಿಯ ಬಾನ್ ನಗರದಲ್ಲಿದೆ. ಅದರ ಆನ್‌ಲೈನ್ ಸೇವೆಯಲ್ಲಿ 18 ತುಂಬಿದವರು ಮನೆಯಿಂದಲೇ ಅನುವಾದ, ವಿನ್ಯಾಸ, ಮಾಹಿತಿ ಸಂಗ್ರಹದಂಥ ಕೆಲಸ ಮಾಡಬಹುದು. ಮೊದಲ ಹೆಜ್ಜೆಗೆ ಇದು ಬಹಳ ಒಳ್ಳೆಯದು, ಖರ್ಚೂ ಇಲ್ಲ. ಜರ್ಮನ್ ಸರ್ಕಾರದ ನೆರವಿನ ವೆಲ್ಟ್‌ವೆರ್ಟ್ಸ್ ಕಾರ್ಯಕ್ರಮ 2008ರಲ್ಲಿ ಆರಂಭವಾಯಿತು. ಮೊದಲು ಜರ್ಮನ್ ಯುವಕರಷ್ಟೇ ಬೇರೆ ದೇಶಗಳಿಗೆ ಹೋಗುತ್ತಿದ್ದರು. 2013ರಿಂದ ಆ ದೇಶಗಳ ಯುವಜನರೂ ಜರ್ಮನಿಗೆ ಹೋಗಿ ವೃದ್ಧಾಶ್ರಮ, ಶಿಶುವಿಹಾರ, ಅಂಗವಿಕಲರ ಕೇಂದ್ರಗಳಲ್ಲಿ ಸೇವೆ ಸಲ್ಲಿಸಲು ಅವಕಾಶವಾಯಿತು. ವಿದ್ಯಾರ್ಥಿಗಳೇ ನಡೆಸುವ ಐಸೆಕ್ ಸಂಸ್ಥೆ 1948ರಿಂದ ಇಂಥ ವಿನಿಮಯ ಮಾಡುತ್ತಿದೆ. ಹೆಚ್ಚು ದುಡ್ಡಿಲ್ಲದವರು ನೇಪಾಳದಿಂದ ಆರಂಭಿಸಬಹುದು, ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ.

ಯಾವ ಸಂಸ್ಥೆಯೇ ಆಗಲಿ, ಈ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ನಾನು ಕೊಡುವ ಶುಲ್ಕದಲ್ಲಿ ಸ್ಥಳೀಯರಿಗೆ ಎಷ್ಟು ಹೋಗುತ್ತದೆ? ಊಟ, ವಸತಿ, ವಿಮೆ ಯಾರ ಹೊಣೆ? ದಿನಕ್ಕೆ ಎಷ್ಟು ಗಂಟೆ ಕೆಲಸ? ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು? ಹಿಂದಿನ ವರ್ಷ ಹೋದವರೊಂದಿಗೆ ಮಾತಾಡಬಹುದೇ? ಒಂದಕ್ಕಾದರೂ ತಡವರಿಸುವವರನ್ನು ಬಿಟ್ಟುಬಿಡಿ.

ಕೆಲಸದ ಆಮಿಷ ತೋರಿಸಿ ಯುವಕರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಕರೆದೊಯ್ದು ಸೈಬರ್ ವಂಚನೆಯ ಕೂಪಗಳಲ್ಲಿ ದುಡಿಸಿದ ಪ್ರಕರಣಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ಪಾಸ್‌ಪೋರ್ಟ್ ತಮ್ಮ ಕೈಗೆ ಕೊಡಿ ಎನ್ನುವವರು, ಪ್ರವಾಸಿ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಎನ್ನುವವರು ಯಾರೇ ಇರಲಿ, ಅವರ ಮನೆಯ ಚಹಾ ಕೂಡ ಕುಡಿಯಬೇಡಿ.

5. ಕಾಗದಪತ್ರ ಮೊದಲು, ಟಿಕೆಟ್ ಆಮೇಲೆ

ಪಾಸ್‌ಪೋರ್ಟ್ ಇಂದೇ ಮಾಡಿಸಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1500 ರೂಪಾಯಿ, ವಯಸ್ಕರಿಗೆ 10 ವರ್ಷ ನಡೆಯುತ್ತದೆ. ಆಧಾರ್, ಎಸ್ಎಸ್ಎಲ್‌ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ ಮೂರರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯೇ ನೋಡಿ. ನಮ್ಮ ಭಾಗದಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಬರೆಸಿದ ಜನ್ಮದಿನ, ಒಂದು ಕಡೆ ಮನೆತನದ ಹೆಸರು ಇನ್ನೊಂದು ಕಡೆ ಊರ ಹೆಸರು ಸಾಮಾನ್ಯ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯುತ್ತವೆ.

ಸಂಬಳವಿಲ್ಲದ ಕೆಲಸವನ್ನೂ ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ, ಹಾಗಾಗಿ ಸರಿಯಾದ ವೀಸಾ ಬೇಕೇ ಬೇಕು. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆರೋಗ್ಯ ವಿಮೆ ಇಲ್ಲದೆ ಹೊರಡಬೇಡಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಕಾಗದದಲ್ಲೂ ಬರೆದಿಡಿ, ಮನೆಯಲ್ಲೂ ಕೊಟ್ಟು ಹೋಗಿ.

6. ಭಾಷೆ ಕಲಿಯಿರಿ, ಹೋಗುವ ಮೊದಲೇ

ಭಾಷೆ ಕಲಿತ ಹೊರನಾಡಿಗರೊಬ್ಬರ ಕಥೆ ನಮ್ಮ ಸೀಮೆಯಲ್ಲೇ ಇದೆ. ಹತ್ತಿರದ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, 15ರ ಹರೆಯದಲ್ಲಿ ಮುಂಬೈಗೆ ಬಂದಿಳಿದ ಹುಡುಗ. ಕಾಲೇಜು ಓದಿರಲಿಲ್ಲ. ನಿಜಾಮರ ಸೇವೆಗೆ ಸೇರಿ ಇಲ್ಲಿನ ಭಾಷೆಗಳನ್ನು ಕಲಿತರು, ಭೂಮಾಪನ ಕಲಿತರು, ಕಾನೂನು ಓದಿಕೊಂಡರು, ನಮ್ಮ ಸೀಮೆಯ ಕಲ್ಲುಗೋರಿಗಳನ್ನು ಅಳೆದು ಬರೆದಿಟ್ಟರು. ಅವರ ಆತ್ಮಕಥೆ ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಹೊರಬಂದಿತು. ಜನರೊಂದಿಗೆ ನೇರವಾಗಿ ಮಾತಾಡಬಲ್ಲ ಅಧಿಕಾರಿಯ ಕಣ್ಣಿಗೆ ನಾಡು ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಒಂದು ವ್ಯತ್ಯಾಸ ಮರೆಯಬಾರದು. ಟೇಲರ್ ಅಧಿಕಾರದೊಂದಿಗೆ ಬಂದವರು, ಅವರ ಮಾತನ್ನು ಜನ ಕೇಳಲೇಬೇಕಿತ್ತು. ನೀವು ಬರಿಗೈಯಲ್ಲಿ ಹೋಗುತ್ತೀರಿ, ನಿಮ್ಮ ಮಾತು ಕೇಳಬೇಕೆಂಬ ಹಂಗು ಯಾರಿಗೂ ಇಲ್ಲ. ಆದ್ದರಿಂದ ಭಾಷೆಯ ಅಗತ್ಯ ನಿಮಗೆ ಇನ್ನೂ ಹೆಚ್ಚು. ನಮಸ್ಕಾರ, ಧನ್ಯವಾದ, ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ, ನಾನು ಏನು ಮಾಡಲಿ: ಈ ಆರು ಮಾತುಗಳನ್ನು ಆ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡೇ ಹೊರಡಿ. ಸಂಖ್ಯೆಗಳು, ವಾರದ ಹೆಸರುಗಳು, ಊಟದ ಪದಾರ್ಥಗಳು ಆಮೇಲೆ. ನಮ್ಮ ಕಡೆಯ ಹುಡುಗರಿಗೆ ಇದು ಕಷ್ಟವಲ್ಲ. ಕನ್ನಡ, ಉರ್ದು, ತೆಲುಗು ಮೂರನ್ನೂ ಬೀದಿಯಲ್ಲೇ ಕಲಿತವರು ನೀವು. ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲವೆಂದು ಕುಗ್ಗಬೇಡಿ. ಹೊಸ ಭಾಷೆಗೆ ಕಿವಿ ಕೊಡುವ ನಿಮ್ಮ ರೂಢಿ ದೊಡ್ಡ ಶಕ್ತಿ.

7. ಮೊದಲ ತಿಂಗಳು ಕಣ್ಣು, ಕಿವಿಗೆ ಕೊಡಿ

1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಎಂಬ ಬ್ರಿಟಿಷ್ ಪುರಾತತ್ವಜ್ಞರು ಮುದಗಲ್ ಸಮೀಪದ ಪಿಕಳಿಹಾಳದಲ್ಲಿ ಉತ್ಖನನ ನಡೆಸಿದರು. ಅದರ ವರದಿ 1960ರಲ್ಲಿ ಪ್ರಕಟವಾಯಿತು. ನಮ್ಮ ಭಾಗದ ಬೂದಿದಿಬ್ಬಗಳು ಆಗ ದೊಡ್ಡ ಒಗಟು. ಜ್ವಾಲಾಮುಖಿಯ ಬೂದಿ ಎಂದವರಿದ್ದರು, ಲೋಹ ಕರಗಿಸಿದ ಉಳಿಕೆ ಎಂದವರಿದ್ದರು. ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಸುಟ್ಟು ಆದ ದಿಬ್ಬಗಳು ಎಂಬುದನ್ನು ಆಲ್ಚಿನ್ ಗಟ್ಟಿಯಾಗಿ ಸ್ಥಾಪಿಸಿದರು. ಅದಕ್ಕೆ ಅವರು ಮಣ್ಣನ್ನಷ್ಟೇ ಅಗೆಯಲಿಲ್ಲ. ಇಂದಿನ ದನಗಾಹಿಗಳ ಬದುಕನ್ನೂ, ಹಬ್ಬದಲ್ಲಿ ದನಗಳನ್ನು ಬೆಂಕಿ ಹಾಯಿಸುವ ನಮ್ಮ ಪದ್ಧತಿಗಳನ್ನೂ ಗಮನಿಸಿ 1963ರ ತಮ್ಮ ಪುಸ್ತಕದಲ್ಲಿ ಬರೆದರು.

ದೂರದಿಂದ ಬಂದ ವಿದ್ವಾಂಸರಿಗೂ ಉತ್ತರದ ಒಂದು ಭಾಗ ಸಿಕ್ಕಿದ್ದು ಸ್ಥಳೀಯರ ನಿತ್ಯದ ರೂಢಿಯಲ್ಲಿ. ನೀವೂ ಹಾಗೇ ಮಾಡಿ. ಮೊದಲ ತಿಂಗಳು ಸಲಹೆ ಕೊಡಬೇಡಿ. ಯಾರು ಯಾರಿಗೆ ಮೊದಲು ನಮಸ್ಕರಿಸುತ್ತಾರೆ, ಚಪ್ಪಲಿ ಎಲ್ಲಿ ಬಿಡುತ್ತಾರೆ, ಇಲ್ಲ ಎನ್ನಬೇಕಾದಾಗ ಹೇಗೆ ಹೇಳುತ್ತಾರೆ, ಸಮಯಕ್ಕೆ ಎಷ್ಟು ಬೆಲೆ ಎಂಬುದನ್ನು ನೋಡಿ. ಜರ್ಮನಿಯಲ್ಲಿ ಹತ್ತು ಗಂಟೆ ಎಂದರೆ ಹತ್ತೇ ಗಂಟೆ. ರಾತ್ರಿ ಐದೇ ಸಾಲು ಬರೆಯಿರಿ: ಇಂದು ಏನು ನೋಡಿದೆ, ಏನು ಅರ್ಥವಾಗಲಿಲ್ಲ, ನಾಳೆ ಯಾರನ್ನು ಕೇಳಲಿ.

8. ನಿಮ್ಮಿಂದ ಹಾನಿಯಾಗುವ ಕೆಲಸಕ್ಕೆ ಕೈಹಾಕಬೇಡಿ

ಈ ಸೂತ್ರ ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ಮನಸ್ಸಿನಿಂದ ಮಾಡಿದ ಸೇವೆಯೂ ಬೇರೆಯವರಿಗೆ ಕೇಡಾಗಬಹುದು. ಅನಾಥಾಲಯದ ಸ್ವಯಂಸೇವೆಯನ್ನೇ ನೋಡಿ. ನೇಪಾಳ, ಕಾಂಬೋಡಿಯಾದಲ್ಲಿ ವಿದೇಶಿ ಸ್ವಯಂಸೇವಕರ ಹಣದ ಆಸೆಗೆ, ತಂದೆ ತಾಯಿ ಬದುಕಿರುವ ಮಕ್ಕಳನ್ನೂ ಹಳ್ಳಿಗಳಿಂದ ತಂದು ಅನಾಥಾಲಯಗಳಲ್ಲಿ ಇಟ್ಟದ್ದು ಬೆಳಕಿಗೆ ಬಂದಿದೆ. ಎರಡು ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಮುದ್ದು ಮಾಡಿ ಹೊರಟುಹೋದರೆ ಮಗುವಿನ ಮನಸ್ಸು ಪ್ರತಿಸಲವೂ ಒಡೆಯುತ್ತದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಈ ಅಪಾಯದ ಬಗ್ಗೆ ಮಾತಾಡಿತು. ಆದ್ದರಿಂದ ಅಲ್ಪಾವಧಿಯ ಅನಾಥಾಲಯ ಸೇವೆಗೆ ಒಪ್ಪಲೇಬೇಡಿ.

ಉಳಿದ ಕೆಲಸಕ್ಕೆ ಎರಡು ಅಳತೆಗೋಲು ಇಟ್ಟುಕೊಳ್ಳಿ. ಈ ಕೆಲಸವನ್ನು ನನ್ನ ಊರಿನಲ್ಲಿ ಮಾಡಲು ನನಗೆ ಅರ್ಹತೆ ಇದೆಯೇ? ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನೀವು ಹಾಕಲಾರದ ಹೊಲಿಗೆಯನ್ನು ಆಫ್ರಿಕಾದ ಹಳ್ಳಿಯಲ್ಲೂ ಹಾಕಬಾರದು. ಇನ್ನೊಂದು: ನನ್ನಿಂದ ಸ್ಥಳೀಯ ಕೂಲಿಯವರ, ಗೌಂಡಿಯ, ಶಿಕ್ಷಕರ ದುಡಿಮೆ ತಪ್ಪುತ್ತದೆಯೇ? ತಪ್ಪುವುದಾದರೆ ನೀವು ಆ ಕೆಲಸ ಬಿಟ್ಟು ಅವರ ಸಹಾಯಕರಾಗಿ ನಿಲ್ಲಿ. ಲೆಕ್ಕ ಬರೆಯುವುದು, ಕಂಪ್ಯೂಟರ್ ಕಲಿಸುವುದು, ಪಾತ್ರೆ ತೊಳೆಯುವುದು, ವೃದ್ಧರೊಂದಿಗೆ ಕುಳಿತು ಮಾತಾಡುವುದು ಯಾವುದೂ ಸಣ್ಣ ಕೆಲಸವಲ್ಲ.

9. ಊಟದ ಮುಂದೆ ಮುಖ ಸಿಂಡರಿಸಬೇಡಿ

ಯಾವ ನಾಡಿನಲ್ಲೂ ಸ್ನೇಹ ಆರಂಭವಾಗುವುದು ಊಟದಲ್ಲಿ. ಇಥಿಯೋಪಿಯಾದಲ್ಲಿ ಟೆಫ್ ಎಂಬ ಸಣ್ಣ ಧಾನ್ಯದ ಹುಳಿಹಿಟ್ಟಿನಿಂದ ಇಂಜೆರಾ ಮಾಡುತ್ತಾರೆ, ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕುಳಿತು ಕೈಯಲ್ಲೇ ಉಣ್ಣುತ್ತಾರೆ. ಪ್ರೀತಿಯ ಗುರುತಾಗಿ ಅತಿಥಿಯ ಬಾಯಿಗೆ ತುತ್ತಿಡುವ ಪದ್ಧತಿಯೂ ಉಂಟು. ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಉಂಡು ಬೆಳೆದವರಿಗೆ ಅದು ಪರಕೀಯ ಎನಿಸುವುದಿಲ್ಲ.

ಸಸ್ಯಾಹಾರಿಗಳು ತಮ್ಮ ನೇಮವನ್ನು ಮೊದಲ ದಿನವೇ, ನಗುತ್ತ, ಸ್ಪಷ್ಟವಾಗಿ ಹೇಳಲಿ. ಬೇಡವೆಂದದ್ದನ್ನು ಹಳಿಯಬೇಡಿ, ಮೂಗು ಮುಚ್ಚಬೇಡಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋಗಿ, ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಇಳಿದ ಕೂಡಲೇ ತಿನಿಸುಗಳ ವಿವರ ಬರೆದು ತೋರಿಸುವುದು ಕಡ್ಡಾಯ. ಎರಡನೇ ವಾರದೊಳಗೆ ನಿಮ್ಮ ಆತಿಥೇಯರಿಗೊಂದು ರೊಟ್ಟಿ ಊಟ ಮಾಡಿ ಬಡಿಸಿ. ಹುಡುಗರೇ, ಇದಕ್ಕಾಗಿ ರೊಟ್ಟಿ ಬಡಿಯುವುದನ್ನು ಅಮ್ಮನಿಂದ ಈಗಲೇ ಕಲಿಯಿರಿ.

10. ಮನಸ್ಸು ಕುಗ್ಗುವ ಕಾಲಕ್ಕೆ ಸಿದ್ಧರಾಗಿರಿ

ಮೊದಲ ವಾರಗಳ ಬೆರಗು ಕಳೆದ ಮೇಲೆ ಬೇಸರ ಬರುತ್ತದೆ. ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಇಲ್ಲಿನ ಜನರೇ ಸರಿಯಿಲ್ಲ ಎನಿಸುತ್ತದೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಹಂತಗಳನ್ನು ವಿವರಿಸಿದರು: ಬೆರಗು, ಬಿಕ್ಕಟ್ಟು, ಚೇತರಿಕೆ, ಹೊಂದಾಣಿಕೆ. ಅದಕ್ಕೂ ಮೊದಲು, 1955ರಲ್ಲಿ, ಸ್ವೆರೆ ಲಿಸ್ಗಾರ್ಡ್ ಎಂಬ ಸಂಶೋಧಕರು ಅಮೆರಿಕದಲ್ಲಿ ಓದಿ ಬಂದ 200 ನಾರ್ವೆ ವಿದ್ವಾಂಸರನ್ನು ಮಾತಾಡಿಸಿದ್ದರು. ಆರು ತಿಂಗಳೊಳಗೆ ಮರಳಿದವರಿಗಿಂತ, 18 ತಿಂಗಳು ಮೀರಿ ಉಳಿದವರಿಗಿಂತ, ಈ ಎರಡರ ನಡುವಿನ ಅವಧಿ ಇದ್ದವರೇ ಹೆಚ್ಚು ಒದ್ದಾಡಿದ್ದರು. ಅಂದರೆ ಈ ಕುಗ್ಗುವಿಕೆ ನಿಮ್ಮ ದೌರ್ಬಲ್ಯವಲ್ಲ. ದಾರಿಯಲ್ಲಿ ಬರುವ ಒಂದು ಹಳ್ಳ, ದಾಟಿದರೆ ಆಚೆ ದಡವಿದೆ.

ಇದನ್ನು ತಿಳಿಸಿಕೊಡುವವರು ನಿಮ್ಮ ಓಣಿಯಲ್ಲೇ ಇದ್ದಾರೆ. ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗಿ ಬಂದ ಕಾಕಾ, ಚಿಗವ್ವರನ್ನು ಕೇಳಿ. ಗೊತ್ತಿಲ್ಲದ ಊರಿನ ತಗಡಿನ ಶೆಡ್ಡಿನಲ್ಲಿ ಮೊದಲ ರಾತ್ರಿ ಹೇಗೆ ಕಳೆದರು, ಊರಿನವರನ್ನು ಹೇಗೆ ಹುಡುಕಿಕೊಂಡರು, ಮಕ್ಕಳಿಗೆ ಹೇಗೆ ಧೈರ್ಯ ಹೇಳಿದರು ಎಂದು. ಅವರು ಹೋಗಿದ್ದು ಹೊಟ್ಟೆಪಾಡಿಗೆ, ನೀವು ಹೋಗುವುದು ನಿಮ್ಮ ಇಷ್ಟಕ್ಕೆ. ಆ ಅಂತರವನ್ನು ಗೌರವದಿಂದ ನೆನೆದರೆ ನಿಮ್ಮ ಕಷ್ಟ ಹಿಡಿತಕ್ಕೆ ಬರುತ್ತದೆ. ದಿನವೂ ನಡೆಯಿರಿ, ವಾರಕ್ಕೊಮ್ಮೆ ಮನೆಗೆ ಕರೆ ಮಾಡಿ, ಒಬ್ಬ ಸ್ಥಳೀಯ ಗೆಳೆಯನನ್ನಾದರೂ ಮಾಡಿಕೊಳ್ಳಿ. ಎರಡು ವಾರ ದಾಟಿದರೂ ಕತ್ತಲೆ ಕರಗದಿದ್ದರೆ ವೈದ್ಯರನ್ನು ಕಾಣಿ.

11. ಕೇಳದೆ ಫೋಟೋ ತೆಗೆಯಬೇಡಿ

ನಮ್ಮ ಗದ್ದೆಯಲ್ಲಿ ನಾಟಿ ಹಚ್ಚುವ ಅವ್ವಂದಿರ ಚಿತ್ರವನ್ನು ಯಾರೋ ಹೊರಗಿನವರು ಕೇಳದೆ ತೆಗೆದು, ಬಡತನದ ಗುರುತಾಗಿ ಜಗತ್ತಿಗೆ ತೋರಿಸಿದರೆ ನಮಗೆ ಹೇಗಾಗುತ್ತದೆ? ಅಲ್ಲಿಯವರಿಗೂ ಹಾಗೇ ಆಗುತ್ತದೆ. ಮೊದಲು ಹೆಸರು ಕೇಳಿ, ಆಮೇಲೆ ಒಪ್ಪಿಗೆ ಕೇಳಿ. ಮಕ್ಕಳ ಚಿತ್ರಕ್ಕೆ ಪೋಷಕರ ಒಪ್ಪಿಗೆ ಬೇಕು. ರೋಗಿಗಳ ಚಿತ್ರ ಬೇಡವೇ ಬೇಡ.

12. ಒಪ್ಪಿಕೊಂಡ ಅವಧಿ ಮುಗಿಸಿ, ನಿಮ್ಮ ಊರನ್ನು ಘನವಾಗಿ ಹೇಳಿ

1938ರಲ್ಲಿ ಜಪಾನಿನ ದಾಳಿಗೆ ತುತ್ತಾದ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಅದರಲ್ಲಿ ಒಬ್ಬರು ದ್ವಾರಕಾನಾಥ ಕೋಟ್ನಿಸ್, ಕನ್ನಡಿಗರೂ ಬಹಳವಿರುವ ಗಡಿಯೂರು ಸೊಲ್ಲಾಪುರದವರು. ತಂಡದ ಕೆಲವರು ಮರಳಿದರೂ ಅವರು ನಿಂತರು. ಚೀನೀ ಭಾಷೆ ಕಲಿತು ರೋಗಿಗಳೊಂದಿಗೆ ಅವರ ಮಾತಿನಲ್ಲೇ ಮಾತಾಡಿದರು, ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿನ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, 32ರ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಚೀನಾದ ಜನ ಇಂದಿಗೂ ಅವರನ್ನು ಗೌರವಿಸುತ್ತಾರೆ. ಅಷ್ಟು ದೊಡ್ಡ ತ್ಯಾಗವನ್ನು ಯಾರೂ ನಿಮ್ಮಿಂದ ಕೇಳುತ್ತಿಲ್ಲ. ಆರು ತಿಂಗಳಿಗೆ ಒಪ್ಪಿದರೆ ಆರು ತಿಂಗಳೂ ಇರಿ, ಅಷ್ಟು ಸಾಕು. ನಡುವೆ ಬಿಟ್ಟು ಬಂದವರ ಹೊರೆ ಅಲ್ಲಿನವರ ತಲೆಗೇ ಬೀಳುತ್ತದೆ.

ಅಲ್ಲಿರುವಾಗ ನಿಮ್ಮ ಊರಿನ ಬಗ್ಗೆ ಕೇಳುತ್ತಾರೆ. ಮಸ್ಕಿಯ ಕಥೆ ಹೇಳಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡರು. ಅಲ್ಲಿಯವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ಅವನ್ನು ಬರೆಸಿದ ರಾಜನ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮಸ್ಕಿಯ ಬಂಡೆಯಲ್ಲಿ ಸ್ಪಷ್ಟವಾಗಿ ದೊರೆತು, ಆ ಬಿರುದುಗಳೆಲ್ಲ ಯಾರವು ಎಂಬುದು ಖಚಿತವಾಯಿತು. ಶ್ರಮಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಶ್ರೇಯಸ್ಸನ್ನು ಪಡೆಯಬಲ್ಲರು ಎಂಬುದು ಆ ಶಾಸನದ ತಿರುಳು. ಅದೇ ಅಶೋಕನ ಇನ್ನೊಂದು ಶಾಸನ ನೆರೆರಾಜ್ಯಗಳಲ್ಲೂ ಮನುಷ್ಯರಿಗೆ, ಪ್ರಾಣಿಗಳಿಗೆ ಚಿಕಿತ್ಸೆ ಒದಗಿಸಿದ್ದನ್ನು, ದಾರಿಗಳಲ್ಲಿ ಮರ ನೆಡಿಸಿ ಬಾವಿ ತೋಡಿಸಿದ್ದನ್ನು ಹೇಳುತ್ತದೆ. ಗಡಿಯಾಚೆಗಿನ ಸೇವೆಯ ಇಷ್ಟು ಹಳೆಯ ದಾಖಲೆ ಬಿಟ್ಟುಹೋದ ಅರಸನ ಹೆಸರನ್ನು ಜಗತ್ತಿಗೆ ಖಚಿತಪಡಿಸಿದ ಊರಿನವರು ನೀವು. ತಲೆಯೆತ್ತಿ ಹೇಳಿ.

13. ಮರಳಿ ಬಂದು ಕಲಿತದ್ದನ್ನು ಇಲ್ಲಿ ನೆಡಿ

ಊರಿಗೆ ಬಂದ ಮೇಲೆ ಇನ್ನೊಂದು ಕಸಿವಿಸಿ ಕಾದಿರುತ್ತದೆ. ಮನೆ ಸಣ್ಣದಾಗಿ ಕಾಣುತ್ತದೆ, ಗೆಳೆಯರು ದೂರವಾದಂತೆ ಕಾಣುತ್ತಾರೆ. ಮರಳಿದವರಿಗೂ ಹೊಂದಾಣಿಕೆಯ ಎರಡನೇ ಇಳಿಜಾರು ಇರುತ್ತದೆಂದು ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದರು. "ಅಲ್ಲಿ ಹಾಗಿತ್ತು, ಇಲ್ಲಿ ಹೀಗೈತಿ" ಎಂಬ ಹೋಲಿಕೆಯನ್ನು ನಿಲ್ಲಿಸಿ, ಕೆಲಸ ಹಿಡಿಯುವುದೇ ಅದಕ್ಕೆ ಮದ್ದು.

ಮೊದಲ ತಿಂಗಳಲ್ಲಿ ನಿಮ್ಮ ಕಾಲೇಜಿನಲ್ಲಿ, ನೀವು ಓದಿದ ಹಳ್ಳಿಯ ಶಾಲೆಯಲ್ಲಿ, ನಿಮ್ಮ ಓಣಿಯಲ್ಲಿ ಒಂದೊಂದು ಮಾತುಕತೆ ನಡೆಸಿ. ಖರ್ಚು, ಕಷ್ಟ, ತಪ್ಪಿಸಬೇಕಾದ ಏಜೆಂಟರು ಎಲ್ಲವನ್ನೂ ಬಿಚ್ಚಿ ಹೇಳಿ. ಆಮೇಲೆ ಅಲ್ಲಿ ಕಲಿತ ಒಂದೇ ಒಂದು ವಿಧಾನವನ್ನು ಇಲ್ಲಿಗೆ ಹೊಂದಿಸಿ. ವೃದ್ಧರ ಆರೈಕೆ ಕಲಿತವರು, ಮಕ್ಕಳು ಗುಳೆ ಹೋಗಿ ಒಂಟಿಯಾದ ಅಜ್ಜ ಅಜ್ಜಿಯರನ್ನು ವಾರಕ್ಕೊಮ್ಮೆ ಕಾಣಲಿ. ಎರಡು ಭಾಷೆಯ ಮಕ್ಕಳಿಗೆ ಕಲಿಸಿದವರು ಕ್ಯಾಂಪ್‌ಗಳ, ತಾಂಡಾಗಳ ಶಾಲೆಗೆ ಹೋಗಲಿ. ನೀರಿನ ಕೆಲಸ ಕಲಿತವರು ಒಣಭೂಮಿಯ ರೈತರೊಂದಿಗೆ ಹೊಲದ ಬದುವಿನ ಮೇಲೆ ನಿಲ್ಲಲಿ.

2018ರಲ್ಲಿ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಆರಿಸಿದ್ದು ನಮ್ಮ ರಾಯಚೂರು ಮತ್ತು ನೆರೆಯ ಯಾದಗಿರಿಯನ್ನು. ಶಿಕ್ಷಣ, ಆರೋಗ್ಯದಲ್ಲಿ ನಾವು ಏರಬೇಕಾದ ಎತ್ತರ ಇನ್ನೂ ಬಹಳವಿದೆ. ಜಗತ್ತು ನೋಡಿ ಬಂದ ಕಣ್ಣು, ಪರರ ಮನೆಯಲ್ಲಿ ವಿನಯ ಕಲಿತ ಮನಸ್ಸು, ಕೊಟ್ಟ ಮಾತು ಮುಗಿಸುವ ಛಲ ಮೂರೂ ಸೇರಿದ ಯುವಜನ ಈ ಜಿಲ್ಲೆಗೆ ಬೇಕು. ಪಾಸ್‌ಪೋರ್ಟ್ ಅರ್ಜಿ ಈ ವಾರವೇ ತುಂಬಿ. ಮುಂದಿನ ಭಾನುವಾರ ಆರ್.ಎಚ್. ಕ್ಯಾಂಪಿನ ಬಸ್ ಹತ್ತಿ, ಅಲ್ಲಿಂದ ನಿಮ್ಮ ಕಲಿಕೆ ಶುರುವಾಗಲಿ.